ಮಾಟುಂಗಾದ ಹಳೇ ಕಟ್ಟಡಗಳ ಬಗ್ಗೆ ಒಂದು ತಕರಾರು

ಸಂಪಾದಕರಿಗೆ ನಮಸ್ಕಾರ.

ಜೂನ್ ಬಂತೆಂದರೆ ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ಮುಂಬೈ ಬಗ್ಗೆ ಒಂದೇ ಥರದ ಸುದ್ದಿ. ಕಟ್ಟಡ ಕುಸಿತ, ಮನೆಗಳಿಗೆ ನೋಟಿಸ್, ರಾತ್ರೋರಾತ್ರಿ ಖಾಲಿ ಮಾಡಿಸಿದರು ಅಂತ. ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕಟ್ಟಡಗಳು ಬೀಳುತ್ತವೆ, ಜನ ಸಾಯುತ್ತಾರೆ. ನನ್ನ ತಕರಾರು ಇರುವುದು ನೀವು ಪದ ಜೋಡಿಸುವ ರೀತಿಯ ಮೇಲೆ. 'ಹಳೆಯ' ಅಂತ ಬರೆದ ಕೂಡಲೇ ಪಕ್ಕದಲ್ಲಿ 'ಶಿಥಿಲ' ಅಂತ ಕೂರಿಸಿಬಿಡುತ್ತೀರಿ, ಎರಡೂ ಅವಳಿ ಮಕ್ಕಳು ಅನ್ನೋ ಹಾಗೆ. ನಾನು ಹುಟ್ಟಿ, ಬೆಳೆದು, ಈಗ ಪೆನ್ಷನ್ ತಗೊಂಡು ಕೂತಿರುವ ಮನೆ 1938ರದ್ದು. ಹಳೆಯದು, ಒಪ್ಪಿದೆ. ಶಿಥಿಲ ಅನ್ನೋ ಮಾತಿಗೆ ಒಂದಿಷ್ಟು ಹೇಳುವುದಿದೆ. ಪತ್ರ ಉದ್ದವಾಗುತ್ತದೆ, ಜಾಗ ಇಲ್ಲದಿದ್ದರೆ ಕತ್ತರಿ ಹಾಕಿಕೊಳ್ಳಿ.

ಹೋದ ತಿಂಗಳು ಬೆಂಗಳೂರಿನಿಂದ ತಂಗಿಯ ಮಗ ಬಂದಿದ್ದ. ಟ್ಯಾಕ್ಸಿ ಇಳಿದವನೇ ತಲೆ ಎತ್ತಿ ನೋಡಿ, "ಮಾವ, ಇದು ಇನ್ನೂ ನಿಂತಿದೆಯಾ?" ಅಂದ. ತಮಾಷೆಗೆ ಅಂದದ್ದೇ, ಆದರೂ ಸ್ವಲ್ಪ ಚುಚ್ಚಿತು. ಮೂರು ದಿನ ಇದ್ದ. ಹೊರಡುವ ದಿನ ಬೆಳಗ್ಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದುಕೊಂಡು ಕೂತವನು, "ನಿಮ್ಮಲ್ಲಿ ಏಸಿ ಯಾಕಿಲ್ಲ ಅಂತ ಮೊದಲ ದಿನವೇ ಕೇಳಬೇಕು ಅಂತಿದ್ದೆ, ಮರೆತೇಹೋಯ್ತು ನೋಡಿ" ಅಂದ. ಮೇ ತಿಂಗಳ ಮುಂಬೈಯಲ್ಲಿ ಒಬ್ಬ ಬೆಂಗಳೂರು ಹುಡುಗ ಏಸಿ ಕೇಳಲು ಮರೆತ! ಅವನು ಹೋದ ಮೇಲೆ ಪೆನ್ನು ಹಿಡಿದೆ.

ನಮ್ಮ ಕಟ್ಟಡದ ಹೆಸರು ಬರೆಯುವುದಿಲ್ಲ. ಮಾಲೀಕರಿಗೂ ನಮಗೂ ಸಣ್ಣ ವ್ಯಾಜ್ಯ ಒಂದಿದೆ, ಅದಕ್ಕೆ ನಿಮ್ಮ ಪತ್ರಿಕೆ ಯಾಕೆ. ಕಿಂಗ್ಸ್ ಸರ್ಕಲ್‌ನಿಂದ ನಡೆದರೆ ಏಳೆಂಟು ನಿಮಿಷ. ಕೆಳಗೊಂದು, ಮೇಲೆ ಮೂರು, ಒಟ್ಟು ನಾಲ್ಕು ಅಂತಸ್ತು. ಒಂದೊಂದರಲ್ಲಿ ಎರಡೆರಡು ಮನೆ. ಬೀದಿಯ ಮೂಲೆಯಲ್ಲಿದೆ, ಅದಕ್ಕೇ ಕಟ್ಟಡದ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ತಿರುಗಿಸಿದ್ದಾರೆ, ಬಾಲ್ಕನಿಗಳೂ ಅದರ ಜೊತೆಗೇ ತಿರುಗುತ್ತವೆ. ಬಾಗಿಲ ಮೇಲೆ ಕಟ್ಟಡದ ಹೆಸರನ್ನು ಸಿಮೆಂಟಿನಲ್ಲೇ ಉಬ್ಬಿಸಿ ಬರೆದಿದ್ದಾರೆ, ಹಳೇ ಸಿನಿಮಾದ ಶೀರ್ಷಿಕೆಯಂತೆ ಎತ್ತರದ, ತೆಳ್ಳನೆಯ ಇಂಗ್ಲಿಷ್ ಅಕ್ಷರ. ಎಂಟು ಸಲ ಬಣ್ಣ ಬಳಿದು ಬಳಿದು ಆ ಅಕ್ಷರಗಳು ಈಗ ಸ್ವಲ್ಪ ದಪ್ಪಗಾಗಿವೆ, ನಮ್ಮ ಹಾಗೆಯೇ.

ಜನ ಇಂಥ ಕಟ್ಟಡ ನೋಡಲು ಬಂದರೆ ಹೊರಗೆ ನಿಂತು ಫೋಟೊ ಹೊಡೆದು ಹೋಗುತ್ತಾರೆ. ನೋಡಬೇಕಾದ್ದು ಒಳಗಿನ ಮೆಟ್ಟಿಲು. ಮೆಟ್ಟಿಲಿಗೆ ಹಾಕಿರುವುದು ಮೊಸಾಯಿಕ್, ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಉಜ್ಜಿ ನುಣುಪು ಮಾಡಿದ್ದು. ಪ್ರತಿ ಮೆಟ್ಟಿಲ ಅಂಚಿಗೂ ಒಂದು ಕಪ್ಪು ಪಟ್ಟಿ, ಮಬ್ಬುಗತ್ತಲಲ್ಲೂ ಅಂಚು ಕಾಣಲಿ ಅಂತ. ಗೋಡೆ ಮತ್ತು ನೆಲ ಸೇರುವ ಕಡೆ ಮೂಲೆಯೇ ಇಲ್ಲ. ನೆಲ ಹಾಗೇ ಬಾಗಿ, ಬಟ್ಟಲಿನ ಒಳಮೈ ಥರ ಗೋಡೆಗೆ ಏರುತ್ತದೆ. ಇದನ್ನು ನಾನು ಐವತ್ತು ವರ್ಷ ನೋಡಿಯೂ ನೋಡಿರಲಿಲ್ಲ. ನಮ್ಮ ಮೆಟ್ಟಿಲು ಗುಡಿಸುವ ಹೆಂಗಸು ಎದುರುಗಡೆಯ ಹೊಸ ಟವರಿನಲ್ಲೂ ಕೆಲಸ ಮಾಡುತ್ತಾಳೆ. ಒಂದು ದಿನ ಮೆಟ್ಟಿಲಲ್ಲೇ ನಿಂತು ಮಾತಾಡುವಾಗ ಹೇಳಿದಳು: ಅಲ್ಲಿ ಮೂಲೆಮೂಲೆಗೂ ಬೆರಳು ಹಾಕಿ ಕಸ ಕೆರೆಯಬೇಕು, ಇಲ್ಲಿ ಪೊರಕೆ ತಾನೇ ಓಡುತ್ತದೆ. 1938ರಲ್ಲಿ ನಕ್ಷೆ ಬರೆದ ಯಾರೋ ಒಬ್ಬರು ಗುಡಿಸುವವಳ ಸೊಂಟದ ಬಗ್ಗೆ ಯೋಚನೆ ಮಾಡಿದ್ದರು. ಇಲ್ಲವೇ ಕ್ಷಯ, ಪ್ಲೇಗ್ ಅಂತ ಧೂಳಿಗೆ ಹೆದರಿ ಮಾಡಿದ್ದರೂ ಮಾಡಿರಬಹುದು. ಏನೇ ಆಗಲಿ, ಈಗ ಅಷ್ಟೂ ಯಾರು ಯೋಚಿಸುತ್ತಾರೆ?

ಮೆಟ್ಟಿಲಿನ ಕಟಾಂಜನ ತೇಗದ್ದು. ಮೊದಲ ಮಹಡಿಯ ತಿರುವಿನಲ್ಲಿ ಅದು ಚಪ್ಪಟೆಯಾಗಿದೆ, ಯಾಕೆಂದರೆ ಎಲ್ಲರೂ ಅಲ್ಲೇ ಉಸಿರು ಬಿಟ್ಟು, ಅಲ್ಲೇ ಕೈಯೂರಿ ತಿರುಗುತ್ತಾರೆ. ನನ್ನ ಅಪ್ಪನ ಕೈಯೂ ಅದರಲ್ಲಿದೆ, ನಮ್ಮ ಹಾಲಿನವನ ಕೈಯೂ ಇದೆ. ಮೆಟ್ಟಿಲ ಗೋಡೆಗೆ ಕೆಳಗಿನಿಂದ ತಾರಸಿಯವರೆಗೆ ಉದ್ದಕ್ಕೆ ಒಂದು ಕಿರಿದಾದ ಗಾಜಿನ ಕಿಟಕಿ. ಹಗಲು ಹೊತ್ತು ಇಡೀ ಮೆಟ್ಟಿಲಿಗೆ ಒಂದೂ ದೀಪ ಬೇಡ. ಎದುರಿನ ಟವರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಕಾರಿಡಾರಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ.

ಮಾಟುಂಗಾ ಸುಮ್ನೆ ತನ್ನಷ್ಟಕ್ಕೆ ಬೆಳೆದ ಜಾಗ ಅಲ್ಲ. 1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ, ಅಂದರೆ ಒಂದೊಂದು ಕೋಣೆಯ ಸಾಲುಮನೆಗಳಲ್ಲಿ, ಜನ ಸಾಲುಸಾಲಾಗಿ ಸತ್ತರು, ಉಳಿದವರು ಊರು ಬಿಟ್ಟು ಓಡಿದರು. ಆಮೇಲೆ ಸರ್ಕಾರಕ್ಕೆ ಬುದ್ಧಿ ಬಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ದಾದರ್, ಮಾಟುಂಗಾ, ವಡಾಲಾ, ಸಯಾನ್ ಕಡೆಯ ಗದ್ದೆ ಜೌಗು ಎಲ್ಲ ಸಮ ಮಾಡಿ ರಸ್ತೆ ಎಳೆದು ಸೈಟು ಮಾಡಿದ್ದು ಆ ಟ್ರಸ್ಟೇ. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ನಿಮ್ಮ ಬಸವನಗುಡಿ, ಮಲ್ಲೇಶ್ವರಗಳ ಕಥೆಯ ಹಿಂದೆಯೂ ಇದೇ ಪ್ಲೇಗ್ ಇದೆ. ಅಲ್ಲಿ ಕಾಂಪೌಂಡ್ ಹಾಕಿ ಒಂಟಿ ಮನೆ ಕಟ್ಟಿದರು, ಇಲ್ಲಿ ಜಾಗ ಸಾಲದೆ ಮಹಡಿ ಮೇಲೆ ಮಹಡಿ ಏರಿಸಿದರು, ಅಷ್ಟೇ ವ್ಯತ್ಯಾಸ. ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ನಡುವೆ ಇಷ್ಟು ಜಾಗ ಬಿಡಲೇಬೇಕು ಅಂತ ನಿಯಮ ಇತ್ತು. ಫೈವ್ ಗಾರ್ಡನ್ಸ್ ಬಂದದ್ದೂ ಹಾಗೆಯೇ. ಆ ಮರಗಳ ಕೆಳಗೆ ಇವತ್ತಿಗೂ ಬೆಳಗ್ಗೆ ವಾಕಿಂಗ್ ಹೋದರೆ ಐದು ಭಾಷೆ ಕಿವಿಗೆ ಬೀಳುತ್ತದೆ.

ಕಟ್ಟಡಗಳು ಬಂದದ್ದು ಸ್ವಲ್ಪ ತಡವಾಗಿ, ಹೆಚ್ಚಿನವು 1930 ಮತ್ತು 40ರ ನಡುವೆ. ಅಷ್ಟರಲ್ಲಿ ಸಿಮೆಂಟು ಬಂದಿತ್ತು. ಮೊದಲೆಲ್ಲ ಕಲ್ಲು, ಇಟ್ಟಿಗೆ, ಮರದ ತೊಲೆ. ಆಗ ಗೋಡೆಯೇ ಭಾರ ಹೊರಬೇಕಾದ್ದರಿಂದ ಗೋಡೆ ದಪ್ಪ, ಕಿಟಕಿ ಸಣ್ಣದು. ಕಬ್ಬಿಣದ ಸರಳು ಹಾಕಿ ಕಾಂಕ್ರೀಟು ಸುರಿಯುವುದು ಬಂದ ಮೇಲೆ ಭಾರ ಕಂಬಕ್ಕೆ ಹೋಯಿತು, ಗೋಡೆ ಹಗುರಾಯಿತು. ಕಿಟಕಿಯನ್ನು ಮೂಲೆಯಲ್ಲೇ ಇಡಬಹುದು, ಬಾಲ್ಕನಿಯನ್ನು ಕೆಳಗೆ ಕಂಬವೇ ಇಲ್ಲದೆ ಗಾಳಿಗೆ ಚಾಚಬಹುದು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆಯಿತು. 1937ರಲ್ಲಿ ಬಾಂಬೆಯ ಟೌನ್ ಹಾಲಿನಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆ 'ಆದರ್ಶ ಮನೆ' ಅಂತ ಒಂದು ಪ್ರದರ್ಶನವನ್ನೇ ಇಟ್ಟಿತ್ತು. ನೆಲದ ಬಿಲ್ಲೆಗಳೂ ಆಗ ಇಲ್ಲಿಯವೇ. ಭಾರತ್ ಟೈಲ್ಸ್ ಅಂತ ನಮ್ಮ ಹಿರಿಯರು ಕರೆಯುತ್ತಿದ್ದದ್ದು, 1922ರಲ್ಲಿ ಸಿಧ್ವಾ ಮನೆತನದವರು ಸ್ವದೇಶಿ ಹುಮ್ಮಸ್ಸಿನಲ್ಲಿ ಶುರು ಮಾಡಿದ್ದು. ವಿಲಾಯತಿ ಬಿಲ್ಲೆಗಿಂತ ಏನೂ ಕಮ್ಮಿ ಇಲ್ಲದ ಹಾಗೆ ಇಲ್ಲೇ ಮಾಡಿ ತೋರಿಸಿದರು.

ಈ ಶೈಲಿಗೆ ಆರ್ಟ್ ಡೆಕೊ ಅಂತ ಈಗ ಎಲ್ಲರೂ ಹೇಳುತ್ತಾರೆ. ಕಟ್ಟಿದವರ ಬಾಯಲ್ಲಿ ಆ ಹೆಸರು ಇರಲಿಲ್ಲ. 1925ರಲ್ಲಿ ಪ್ಯಾರಿಸ್‌ನಲ್ಲಿ ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನ ಆಯಿತಲ್ಲ, ಅದರ ಹೆಸರಿನಿಂದ ಈ ಹೆಸರು ಹುಟ್ಟಿ ಬಳಕೆಗೆ ಬಂದದ್ದೇ 1960ರ ದಶಕದಲ್ಲಿ. ನಮ್ಮ ಅಪ್ಪ ಈ ಥರದ ಮನೆಗಳಿಗೆ 'ಹಡಗು ಮನೆ' ಅನ್ನುತ್ತಿದ್ದರು. ತಪ್ಪೇನೂ ಇಲ್ಲ. ಆಗ ಇಡೀ ಜಗತ್ತಿಗೆ ಹಡಗಿನ ಹುಚ್ಚು. ಗುಂಡು ಕಿಟಕಿ, ಬಾಲ್ಕನಿಗೆ ಡೆಕ್ಕಿನ ಹಾಗೆ ಅಡ್ಡ ಸರಳು, ಗೋಡೆಯುದ್ದಕ್ಕೂ ಓಡುವ ಮೂರು ಗೆರೆ, ನೀರು ಸೀಳಿಕೊಂಡು ಹೊರಟಿದೆ ಅನ್ನಿಸುವ ಹಾಗೆ. ಮಾಟುಂಗಾದ ನಡುವೆ ಸಮುದ್ರವೇ ಕಾಣದ ಕಡೆ ಒಂದು ಹಡಗು!

ಈ ಹಡಗುಗಳಲ್ಲಿ ಹೆಸರು ಮಾಡಿದವೆಲ್ಲ ನಿಂತಿರುವುದು ದಕ್ಷಿಣದಲ್ಲಿ, ಸಮುದ್ರದ ಪಕ್ಕ. ಬ್ಯಾಕ್‌ಬೇ ಕೊಲ್ಲಿಯಲ್ಲಿ ಮಣ್ಣು ತುಂಬಿ ಜಾಗ ಮಾಡಿದ ಮೇಲೆ ಮರೀನ್ ಡ್ರೈವ್ ಉದ್ದಕ್ಕೂ, ಓವಲ್ ಮೈದಾನದ ಪಶ್ಚಿಮಕ್ಕೂ ಒಂದೇ ಎತ್ತರದ ಸಾಲು ಮನೆಗಳು ಎದ್ದವು. 1937ರ ಸೂನಾ ಮಹಲ್, 1938ರ ಎಂಪ್ರೆಸ್ ಕೋರ್ಟ್ ಎರಡೂ ವಾಸ್ತುಶಿಲ್ಪಿ ಜಿ. ಬಿ. ಮ್ಹಾತ್ರೆಯವರ ಕೈಯವು. ಓವಲ್‌ನಲ್ಲಿ ನಿಂತರೆ ಒಂದು ಕಡೆ ಹೈಕೋರ್ಟು, ಯೂನಿವರ್ಸಿಟಿ, ರಾಜಾಬಾಯಿ ಗೋಪುರ, ಅಂದರೆ ದೊರೆಗಳು ಕಟ್ಟಿದ ಕಲ್ಲಿನ ಗಾಂಭೀರ್ಯ. ಇನ್ನೊಂದು ಕಡೆ ತಿಳಿಬಣ್ಣದ ಮನೆಗಳು, ಸಿನಿಮಾ ಥಿಯೇಟರ್, ಬಾಲ್ಕನಿಯಲ್ಲಿ ಒಣಗಲು ಹಾಕಿದ ಟವೆಲ್ಲು. ಆ ಮನೆಗಳ ನಕ್ಷೆ ಬರೆದವರಲ್ಲಿ, ಕಟ್ಟಿಸಿದವರಲ್ಲಿ ಎಷ್ಟೋ ಜನ ಇಲ್ಲಿಯವರೇ, ಪಾರ್ಸಿಗಳು, ಗುಜರಾತಿಗಳು, ಮರಾಠಿಗರು. ನನಗಂತೂ ಆ ಮೈದಾನದ ಎರಡು ದಡ ನೋಡಿದಾಗಲೆಲ್ಲ ಇತಿಹಾಸದ ಪಾಠ ಬೇಡವೇ ಬೇಡ ಅನ್ನಿಸುತ್ತದೆ. 2018ರ ಜೂನ್ 30ರಂದು ಯುನೆಸ್ಕೋ ಎರಡೂ ದಡಗಳನ್ನು ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಒಟ್ಟು 94 ಕಟ್ಟಡ. ಅಮೆರಿಕದ ಮಿಯಾಮಿ ಬಿಟ್ಟರೆ ಈ ಶೈಲಿಯ ಮನೆಗಳು ಜಾಸ್ತಿ ಇರುವುದು ಮುಂಬೈಯಲ್ಲೇ ಅಂತ ತಿಳಿದವರು ಹೇಳುವುದುಂಟು.

ಸಂತೋಷವೇ. ಆದರೆ ಆ ಪಟ್ಟಿಯ ಗೆರೆ ಮರೀನ್ ಡ್ರೈವ್ ದಾಟಿ ಉತ್ತರಕ್ಕೆ ಬರಲಿಲ್ಲ. ಶಿವಾಜಿ ಪಾರ್ಕ್, ಹಿಂದೂ ಕಾಲೊನಿ, ಪಾರ್ಸಿ ಕಾಲೊನಿ, ಮಾಟುಂಗಾ, ಇಲ್ಲೆಲ್ಲ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು ಬಾಡಿಗೆಗೆ ಇದ್ದ ಅದೇ ಶೈಲಿಯ ಕಟ್ಟಡಗಳು ಬೀದಿಬೀದಿಗೂ ಇವೆ. ಅಲ್ಲಿಯದು ಮಾತ್ರ ಪರಂಪರೆ, ಇಲ್ಲಿಯದು ಶಿಥಿಲ. ನನಗೆ ಸಿಟ್ಟು ಬರುವುದು ಇಲ್ಲಿ.

ಈ ಮನೆಗಳು ನಮ್ಮಂಥವರಿಗೆ ಏನು ಕೊಟ್ಟವು ಅಂತ ಒಂದು ಮಾತು ಹೇಳಬೇಕು. ನನ್ನ ಅಪ್ಪ ಕುಂದಾಪುರದ ಕಡೆಯಿಂದ ಬಂದವರು. ಮೊದಲು ಇದ್ದದ್ದು ಗಿರಗಾಂವ್ ಕಡೆಯ ಚಾಳಿನಲ್ಲಿ, ಒಂದೇ ಕೋಣೆ, ಎದುರಿಗೆ ಉದ್ದನೆ ಜಗಲಿ, ಮಹಡಿಗೆಲ್ಲ ಸೇರಿ ಕೊನೆಯಲ್ಲಿ ಪಾಯಿಖಾನೆ. ಬೆಳಗ್ಗೆ ಚೊಂಬು ಹಿಡಿದು ಸಾಲು ನಿಲ್ಲಬೇಕು. ಅಲ್ಲಿಂದ ಪಗಡಿ, ಅಂದರೆ ಬಾಡಿಗೆ ಹಕ್ಕಿಗಾಗಿ ಮೊದಲೇ ಕೊಡುವ ದೊಡ್ಡ ಮೊತ್ತ, ಕೊಟ್ಟು ಈ ಮನೆಗೆ ಬಂದ ದಿನ ಅಮ್ಮ ಮೊದಲು ಹೋಗಿ ನೋಡಿದ್ದು ಹಾಲ್ ಅನ್ನೂ ಅಲ್ಲ, ಬಾಲ್ಕನಿಯನ್ನೂ ಅಲ್ಲ. ಬಚ್ಚಲು ಮನೆಯ ಬಾಗಿಲು ಮುಚ್ಚಿ, ಚಿಲಕ ಹಾಕಿ, ಎರಡು ನಿಮಿಷ ಸುಮ್ಮನೆ ಒಳಗೆ ನಿಂತಿದ್ದರಂತೆ. 'ನಮ್ಮದೇ ಚಿಲಕ' ಅಂತ ಅವರು ಕೊನೆಯವರೆಗೂ ನಗುತ್ತಾ ಹೇಳುತ್ತಿದ್ದರು. ಗುಂಡು ಬಾಲ್ಕನಿಯ ಚಂದ ಅವರಿಗೆ ಆಮೇಲೆ ಕಂಡದ್ದು.

ಹಾಗಂತ ಎಲ್ಲವನ್ನೂ ಹೊಗಳಲು ನನಗೆ ಬಾಯಿ ಬರುವುದಿಲ್ಲ. ಕಟ್ಟಡದ ಹಿಂಭಾಗದಲ್ಲಿ ಸುತ್ತುಸುತ್ತಾಗಿ ಏರುವ ಇನ್ನೊಂದು ಕಬ್ಬಿಣದ ಮೆಟ್ಟಿಲಿದೆ, ಪ್ರತಿ ಮನೆಯ ಪಾಯಿಖಾನೆಯ ಹಿಂಬಾಗಿಲಿಗೆ ತಾಗಿಕೊಂಡು. ಫೋಟೊ ತೆಗೆಯುವವರಿಗೆ ಅದು ತುಂಬಾ ಇಷ್ಟ, ಶಂಖದ ಹಾಗಿದೆ ಅನ್ನುತ್ತಾರೆ. ಅದನ್ನು ಕಟ್ಟಿದ್ದು ಪಾಯಿಖಾನೆ ತೊಳೆಯಲು ಬರುವವರು ಮುಂದಿನ ಮೆಟ್ಟಿಲು ಮುಟ್ಟಬಾರದು ಅಂತ. ಆ ತೇಗದ ಕಟಾಂಜನದಲ್ಲಿ ಎಲ್ಲರ ಕೈಯೂ ಇದೆ ಅಂತ ಮೇಲೆ ಬರೆದೆನಲ್ಲ, ಎಲ್ಲರದ್ದೂ ಇಲ್ಲ. ಈಗ ಆ ಹಿಂದಿನ ಮೆಟ್ಟಿಲಿನಲ್ಲಿ ಬೆಕ್ಕುಗಳು ಮಲಗುತ್ತವೆ.

ಇನ್ನು ಗಾಳಿಯ ವಿಷಯ. ನಮ್ಮ ಮನೆಯ ಚಾವಣಿ ಹತ್ತೂವರೆ ಅಡಿ ಎತ್ತರ, ನಾನೇ ಟೇಪು ಹಿಡಿದು ಅಳೆದದ್ದು. ಪಶ್ಚಿಮಕ್ಕೆ ಬಾಲ್ಕನಿ, ಪೂರ್ವಕ್ಕೆ ಅಡುಗೆಮನೆಯ ಕಿಟಕಿ, ನಡುವಿನ ಬಾಗಿಲುಗಳು ಒಂದೇ ಸಾಲಿನಲ್ಲಿ. ಬಾಗಿಲ ಮೇಲೆ ತೆರೆಯುವ ಗಾಜಿನ ಗವಾಕ್ಷಿ. ಸಂಜೆ ನಾಲ್ಕರ ಮೇಲೆ ಸಮುದ್ರದ ಕಡೆಯಿಂದ ಗಾಳಿ ಎದ್ದರೆ ಹಾಲ್‌ನಲ್ಲಿರುವ ಕ್ಯಾಲೆಂಡರ್ ಹಾರಿ ಅಡುಗೆಮನೆ ಸೇರುತ್ತದೆ. ಮಳೆಗಾಲಕ್ಕೆ ಸಜ್ಜಾ ಇದೆ. ಪ್ರತಿ ಕಿಟಕಿಯ ಮೇಲೂ ಹುಬ್ಬಿನ ಹಾಗೆ ಒಂದು ಕಾಂಕ್ರೀಟ್ ಪಟ್ಟಿ, ಎರಡಡಿ ಮುಂದಕ್ಕೆ ಚಾಚಿದ್ದು, ಕಟ್ಟಡದ ಮೂಲೆ ತಿರುಗಿದರೂ ತುಂಡಾಗದೆ ಓಡುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಅಂದದ ಗೆರೆ. ಒಳಗೆ ಇರುವವರಿಗೆ ಅದರ ಬೆಲೆ ಜುಲೈಯಲ್ಲಿ ಗೊತ್ತಾಗುತ್ತದೆ. ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಕಿಟಕಿ ತೆರೆದಿಟ್ಟು ಒಳಗೆ ಕೂತು ಪೇಪರ್ ಓದಬಹುದು. ಸಜ್ಜಾದ ಅಡಿಯಲ್ಲಿ ಅಂಚಿಗೆ ಹತ್ತಿರ ಬೆರಳಗಲದ ಒಂದು ತೋಡು ಇದೆ, ಉದ್ದಕ್ಕೂ. ನೀರು ಅಂಚಿನಿಂದ ಹಿಂದಕ್ಕೆ ಹರಿದು ಗೋಡೆಗೆ ಇಳಿಯಬಾರದು, ಆ ತೋಡಿಗೆ ಬಂದ ಕೂಡಲೇ ಹನಿಯಾಗಿ ಕೆಳಗೆ ಬೀಳಬೇಕು, ಅದಕ್ಕೆ. ಮಗಳು ಇರುವುದು ಉಪನಗರದ ಒಂದು ಹೊಸ ಟವರಿನಲ್ಲಿ, 21ನೇ ಮಹಡಿ. ನೋಟ ಚೆನ್ನಾಗಿದೆ, ಲಿಫ್ಟಿದೆ, ಈಜುಕೊಳ ಇದೆ. ಆದರೆ ಕಿಟಕಿಗೆ ಸಜ್ಜಾ ಇಲ್ಲ, ಬರೀ ಗಾಜು. ಮಳೆ ಬಂದರೆ ಮುಚ್ಚಬೇಕು, ಬಿಸಿಲು ಬಂದರೆ ಪರದೆ ಎಳೆಯಬೇಕು, ಬೆಳಗ್ಗೆ ಒಂಬತ್ತಕ್ಕೆ ಏಸಿ ಹಾಕಬೇಕು. ಅಷ್ಟು ದುಡ್ಡು ಕೊಟ್ಟು ಎರಡಡಿ ಕಾಂಕ್ರೀಟು ಸಿಗಲಿಲ್ಲವಲ್ಲ ಅಂತ ನಾನು ಒಮ್ಮೆ ಅಂದೆ. ಅಳಿಯನಿಗೆ ಅಷ್ಟು ಇಷ್ಟವಾಗಲಿಲ್ಲ.

ಕನ್ನಡದವರಿಗೂ ಈ ಬೀದಿಗಳಿಗೂ ಇರುವ ನಂಟು ನಿಮಗೆ ಗೊತ್ತಿರುವುದೇ. ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ, ಸ್ಟೇಷನ್ ಎದುರು ರಾಮ ನಾಯಕರ ಉಡುಪಿ ಬೋರ್ಡಿಂಗ್ 1942ರಿಂದ ಬಾಳೆ ಎಲೆ ಹಾಕುತ್ತಿದೆ, ಹಳಿ ದಾಟಿ ಪಶ್ಚಿಮಕ್ಕೆ ಹೋದರೆ ಕರ್ನಾಟಕ ಸಂಘ. ನಾಟಕ ಮುಗಿಸಿಕೊಂಡು ಬಂದ ಕಲಾವಿದರು ನಮ್ಮ ಕಟ್ಟಡದ ತಾರಸಿಯಲ್ಲಿ ಚಾಪೆ ಹಾಸಿ ಮಲಗಿದ್ದುಂಟು. ಮಹಡಿಗೊಂದು ಭಾಷೆ ನಮ್ಮಲ್ಲಿ. ಮೂರನೇ ಮಹಡಿಯ ತಮಿಳು ಪಾಟಿ, ಅಂದರೆ ಅಜ್ಜಿ, ನನಗೆ ಬೈಯುವಾಗ ಕನ್ನಡವನ್ನೇ ಬಳಸುತ್ತಾರೆ, ಅಮ್ಮನಿಂದ ಕಲಿತದ್ದು.

ಸರಿ, ಇಷ್ಟು ಚೆನ್ನಾಗಿದ್ದರೆ ಬೀಳುವುದು ಯಾಕೆ ಅಂತ ನೀವು ಕೇಳಬಹುದು.

ಒಂದು, ಬಾಡಿಗೆ. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾನೂನು ಹಳೇ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಗೂಟ ಹೊಡೆದು ಕಟ್ಟಿಹಾಕಿತು. ಯುದ್ಧದ ಕಾಲದ ಸುಲಿಗೆಯಿಂದ ಬಡವರನ್ನು ಉಳಿಸಲು ತಂದ ಕಾನೂನು, ಉದ್ದೇಶ ಒಳ್ಳೆಯದೇ. 1999ರ ಹೊಸ ಕಾನೂನು ವರ್ಷಕ್ಕೆ ನೂರಕ್ಕೆ ನಾಲ್ಕು ಏರಿಸಲು ಬಿಟ್ಟಿದೆ, ಆದರೆ ಬೀಜವೇ ಸಾಸಿವೆಯಷ್ಟಿದ್ದರೆ ನಾಲ್ಕು ಸೇರಿಸಿ ಏನು ಬಂತು. ನಮ್ಮ ಮನೆಯ ಒಂದು ತಿಂಗಳ ಬಾಡಿಗೆಯಲ್ಲಿ ನಮ್ಮದೇ ಬೀದಿಯ ಹೋಟೆಲಿನಲ್ಲಿ ಇಬ್ಬರು ಊಟ ಮಾಡಬಹುದು, ಐಸ್‌ಕ್ರೀಮ್ ಬೇಕಾದರೆ ಕೈಯಿಂದ ಹಾಕಬೇಕು. ಇಂಥ ಬಾಡಿಗೆಯಲ್ಲಿ ಮಾಲೀಕ ಸುಣ್ಣ ಬಣ್ಣ ಮಾಡಿಸುತ್ತಾನೆ ಅಂತ ನಿರೀಕ್ಷಿಸುವುದು ನಮ್ಮ ಸ್ವಾರ್ಥ. ನಾವೇ ಮಾಡಿಸೋಣ ಅಂದರೆ 'ಮನೆ ನಮ್ಮದಲ್ಲವಲ್ಲ' ಅನ್ನುವುದು ನಮ್ಮ ಜಾಣತನ. ಪಗಡಿ ಕೊಟ್ಟವರು ಅರ್ಧ ಮಾಲೀಕರು ಅರ್ಧ ಬಾಡಿಗೆದಾರರು. ರಿಪೇರಿ ಮಾತು ಬಂದಾಗ ಮಾತ್ರ ಎಲ್ಲರೂ ಪೂರ್ತಿ ಬಾಡಿಗೆದಾರರೇ! 1969ರ ಕಾನೂನಿನಂತೆ ನಾವು ಸೆಸ್ ಅನ್ನುವ ರಿಪೇರಿ ತೆರಿಗೆ ಕಟ್ಟುತ್ತೇವೆ, ರಿಪೇರಿಗೆ ಸರ್ಕಾರಿ ಮಂಡಳಿ ಇದೆ. 1940ರ ಸೆಪ್ಟೆಂಬರ್‌ಗೆ ಮೊದಲು ಕಟ್ಟಿದವೆಲ್ಲ 'ಎ' ವರ್ಗ. ವರ್ಗ ಮೇಲಿನದು, ಸರದಿ ಮಾತ್ರ ಉದ್ದ.

ಎರಡು, ತುಕ್ಕು. 2011ರ ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಚಾವಣಿಯಿಂದ ಊಟದ ತಟ್ಟೆಯಷ್ಟಗಲದ ಒಂದು ಚಕ್ಕೆ ಬಿತ್ತು. ಹೆಂಡತಿ ಎರಡು ಹೆಜ್ಜೆ ಆಚೆ ಇದ್ದಳು. ಒಬ್ಬ ಕಂಟ್ರಾಕ್ಟರನನ್ನು ಕರೆಸಿದೆವು. ಅವನು ಹುಡುಗರನ್ನು ಕಳಿಸಿ, ಬಿದ್ದ ಕಡೆ ಸಿಮೆಂಟು ಮೆತ್ತಿ, ಬಣ್ಣ ಹೊಡೆದು, ದುಡ್ಡು ಎಣಿಸಿಕೊಂಡು ಹೋದ. ಮುಂದಿನ ಜುಲೈಯಲ್ಲಿ ಅದೇ ಜಾಗ, ಇನ್ನೂ ದೊಡ್ಡ ಚಕ್ಕೆ. ಆಗ ಬಂದ ಎಂಜಿನಿಯರ್ ಒಬ್ಬರು, ವಯಸ್ಸಾದವರು, ಸುತ್ತಿಗೆಯಿಂದ ಚಾವಣಿಯನ್ನು ಅಲ್ಲಲ್ಲಿ ತಟ್ಟುತ್ತಾ ಹೋದರು. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತಿತ್ತು, ಹಾಳಾದ ಕಡೆ ಹಳಸಿದ ತೆಂಗಿನಕಾಯಿಯ ಹಾಗೆ ಡೊಬ್ ಅನ್ನುತ್ತಿತ್ತು. ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಇಡೀ ಅಡುಗೆಮನೆಯಲ್ಲಿ ಡೊಬ್ ಅಂದದ್ದು ಎರಡೇ ಕಡೆ, ಎರಡೂ ಮೇಲಿನ ಮನೆಯ ಬಚ್ಚಲ ಪೈಪಿನ ಕೆಳಗೆ! ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಊದಿ ಸುತ್ತಲಿನ ಕಾಂಕ್ರೀಟನ್ನು ತಳ್ಳಿ ಸೀಳುತ್ತದೆ, ಸೀಳಿನಿಂದ ಇನ್ನಷ್ಟು ನೀರು ಇಳಿಯುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತುಕ್ಕಿನ ಮೇಲೆ ಪೌಡರ್ ಹಚ್ಚಿದ ಹಾಗೆ. ಸರಳಿನ ಹಿಂದಿನವರೆಗೂ ಒಡೆದು, ತುಕ್ಕು ಕೆರೆದು ತೆಗೆದು, ಸವೆದ ಕಡೆ ಹೊಸ ಸರಳು ಕಟ್ಟಿ, ಲೇಪ ಕೊಟ್ಟು, ಒಳ್ಳೆಯ ಗಾರೆ ತುಂಬಬೇಕು. ಎಲ್ಲಕ್ಕಿಂತ ಮೊದಲು ಸೋರುವ ಪೈಪು ಬದಲಾಯಿಸಬೇಕು. ಹದಿನೆಂಟು ದಿನ ಅಡುಗೆಮನೆ ಬಂದ್, ಬೋರ್ಡಿಂಗ್ ಊಟ. ಆಮೇಲಿನ ಯಾವ ಮಳೆಗಾಲದಲ್ಲೂ ಅಲ್ಲಿ ಒಂದು ಚಕ್ಕೆ ಬಿದ್ದಿಲ್ಲ.

ಎಂಜಿನಿಯರ್ ಹೋಗುವಾಗ ಬಾಲ್ಕನಿ ನೋಡಿ ನನ್ನ ಮುಖ ನೋಡಿದರು. 1994ರಲ್ಲಿ ಮಗಳಿಗೆ ಓದಲು ಜಾಗ ಬೇಕು ಅಂತ ನಾನು ಆ ಗುಂಡು ಬಾಲ್ಕನಿಗೆ ಅರ್ಧ ಗೋಡೆ ಎಬ್ಬಿಸಿ, ಅಲ್ಯೂಮಿನಿಯಂ ಕಿಟಕಿ ಕೂರಿಸಿ ಮುಚ್ಚಿದ್ದೆ. ಕೆಳಗೆ ಕಂಬ ಇಲ್ಲದೆ ಚಾಚಿದ ಬಾಲ್ಕನಿ, ಅದಕ್ಕೆ ಇಟ್ಟಿಗೆಯ ಭಾರ. "ನಿಮ್ಮ ಕಟ್ಟಡ ಅಲ್ಲ ಸಾರ್ ಹಳೇದು, ನಿಮ್ಮ ಈ ಗೋಡೆ ಅದಕ್ಕೆ ಹೊಸದು" ಅಂದರು. ಕಟ್ಟಡ ಹಾಳು ಮಾಡಿದವರ ಲೆಕ್ಕದಲ್ಲಿ ನನ್ನದೂ ಒಂದು ಪಾಲಿದೆ ಅಂತ ಆಗ ಗೊತ್ತಾಯಿತು. ಬೀದಿಯುದ್ದಕ್ಕೂ ನೋಡಿ, ಎಷ್ಟು ಬಾಲ್ಕನಿ ತೆರೆದಿದೆ? ತಾರಸಿಯ ಮೇಲೆ ಹೆಚ್ಚುವರಿ ನೀರಿನ ಟ್ಯಾಂಕು, ಸಜ್ಜಾದ ಮೇಲೆ ಏಸಿ ಯಂತ್ರ, ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಸಸಿ. ಅಶ್ವತ್ಥವಲ್ವಾ, ಕೀಳಲು ಯಾರೂ ಒಪ್ಪುವುದಿಲ್ಲ.

ಬಿಲ್ಡರ್‌ಗಳೆಲ್ಲ ಕೆಟ್ಟವರು, ಎಲ್ಲ ಹಾಗೇ ಉಳಿಯಲಿ ಅನ್ನುವ ಹಟ ನನಗಿಲ್ಲ. ಪಾಟಿಗೆ ಈಗ 84. ನಮ್ಮಲ್ಲಿ ಲಿಫ್ಟ್ ಇಲ್ಲ. ಡಾಕ್ಟರ ಹತ್ತಿರ ಹೋಗುವ ದಿನ ಬಿಟ್ಟರೆ ಅವರು ಕೆಳಗೆ ಇಳಿಯುವುದೇ ಇಲ್ಲ. ಹೊಸ ಕಟ್ಟಡ ಬಂದರೆ ಬಾಡಿಗೆದಾರರಿಗೆ ಪುಕ್ಕಟೆ ಮನೆ, ಸ್ವಂತ ಹೆಸರಿಗೆ. ಆ ಆಸೆಯನ್ನು ತಪ್ಪು ಅನ್ನಲು ನಾನ್ಯಾರು. ಕೆಲವು ಕಟ್ಟಡಗಳು ನಿಜವಾಗಿಯೂ ಮುಗಿದಿವೆ, ಮರದ ಕಂಬ ಆನಿಸಿ ನಿಲ್ಲಿಸಿದ್ದಾರೆ, ಅಲ್ಲಿಂದ ಜನರನ್ನು ಇವತ್ತೇ ಹೊರಗೆ ತರಬೇಕು. ನಾನು ಹೇಳುವುದು ಅವುಗಳ ಪಕ್ಕದಲ್ಲಿ ಸುಮ್ಮನೆ ನಿಂತಿರುವ ಮನೆಗಳ ಬಗ್ಗೆ. ಎರಡು ಪೈಪು, ಹತ್ತು ಸರಳು ಬದಲಾಯಿಸಿದರೆ ಇನ್ನೂ ಬಹಳ ಕಾಲ ನಿಲ್ಲುವಂಥವು. ಹಿಂದೆ ಗಾಳಿ ಬೆಳಕಿಗೆ ಬಿಟ್ಟ ತೆರಪಿನ ಒಂದು ಮೂಲೆಯಲ್ಲಿ ಪುಟ್ಟ ಲಿಫ್ಟ್ ಕೂರಿಸಿಕೊಂಡ ಹಳೇ ಕಟ್ಟಡ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಇವುಗಳನ್ನೂ ಅವುಗಳನ್ನೂ ಒಂದೇ ಪದದಲ್ಲಿ ಕಟ್ಟಬೇಡಿ ಅಂತ ನನ್ನ ಕೇಳಿಕೆ. ಕಟ್ಟಿದ್ದು ಯಾವಾಗ ಅಂತ ಎಲ್ಲರೂ ಕೇಳುತ್ತಾರೆ, ನಿಮ್ಮ ವರದಿಗಾರರು ಮುಂದಿನ ಸಲ ಬರೆಯುವಾಗ ಇನ್ನೂ ಮೂರು ಪ್ರಶ್ನೆ ಕೇಳಲಿ: ಕೊನೆಯ ರಿಪೇರಿ ಯಾವಾಗ ಆಯಿತು, ಯಾರು ಮಾಡಿದರು, ಪೈಪು ಎಲ್ಲಿ ಸೋರುತ್ತಿತ್ತು.

ಇಂಥ ಮನೆಗಳಲ್ಲಿ ಇನ್ನೂ ಇರುವ ನಮ್ಮ ಕನ್ನಡದವರಿಗೂ ಒಂದು ಮಾತು. ಒಂದು ವೇಳೆ ಬಿಟ್ಟು ಹೋಗಲೇಬೇಕಾಗಿ ಬಂದರೆ ಹಳೇ ಗ್ರಿಲ್ಲನ್ನು ಗುಜರಿಗೆ ಹಾಕಬೇಡಿ. ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ನಮ್ಮದರಲ್ಲಿ ಅರ್ಧ ಸೂರ್ಯ, ಅದರ ಕೆಳಗೆ ಮೂರು ಅಲೆ. ವೆಲ್ಡಿಂಗ್ ಇಲ್ಲ, ಪಟ್ಟಿ ಬಾಗಿಸಿ ರಿವೆಟ್ ಹೊಡೆದದ್ದು. ಪಕ್ಕದ ಕಟ್ಟಡ ಒಡೆದಾಗ ನಾನು ಅಲ್ಲಿಂದ ನೆಲದ ಬಿಲ್ಲೆ ನಾಲ್ಕು ಕೇಳಿ ತಂದೆ, ಹಸಿರು ಬಿಳಿಯದ್ದು. ಈಗ ಅವುಗಳ ಮೇಲೆ ತುಳಸಿ ಕುಂಡ ಇದೆ. ನಕ್ಷೆ ಇದ್ದರೆ ಒಂದು ಪ್ರತಿ ಇಟ್ಟುಕೊಳ್ಳಿ, ಮೆಟ್ಟಿಲಿನ ಫೋಟೊ ತೆಗೆದಿಡಿ.

ಅಂದ ಹಾಗೆ, ಆ ಬಾಲ್ಕನಿಯ ಗೋಡೆ ಒಡೆಸಿದೆ. ಹೋದ ವರ್ಷ ಮಗಳ ಹಳೇ ಪುಸ್ತಕಗಳನ್ನೆಲ್ಲ ಖಾಲಿ ಮಾಡಿ, ಅಲ್ಯೂಮಿನಿಯಂ ಕಿತ್ತು, ಇಟ್ಟಿಗೆ ಇಳಿಸಿದಾಗ ಅದರ ಹಿಂದೆ ಹಳೇ ಅಡ್ಡ ಸರಳುಗಳು ಹಾಗೇ ಇದ್ದವು, ಮೂರು ಸಾಲು, ಮೂಲೆಯಲ್ಲಿ ಗುಂಡಗೆ ತಿರುಗಿ. ತಂಗಿಯ ಮಗ ಕಾಫಿ ಹಿಡಿದು ಕೂತದ್ದು ಅಲ್ಲೇ.

ನಿಮ್ಮವರು ಯಾರಾದರೂ ನೋಡಲು ಬರುವುದಾದರೆ ಸಂಜೆ ನಾಲ್ಕರ ಮೇಲೆ ಕಳಿಸಿ, ಮೆಟ್ಟಿಲ ಕಿಟಕಿಗೆ ಬಿಸಿಲು ಬರುವ ಹೊತ್ತು. ಕೆಳಗಿನ ಬೆಲ್ ಕೆಲಸ ಮಾಡುವುದಿಲ್ಲ, ರಸ್ತೆಯಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕು, ಬಾಲ್ಕನಿ ತೆರೆದಿದೆ, ಕೇಳಿಸುತ್ತದೆ.

ಇತಿ,
ಮಾಟುಂಗಾದ ಒಬ್ಬ ಓದುಗ, ಮುಂಬೈ